ಅರ್ಧ ಗಂಟೆಯ ಅಭ್ಯಾಸ, ಹತ್ತು ಸೂತ್ರ

2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ದುಡಿಮೆ ರೈಲು ಹತ್ತಿತು. ಮಾರಿಕುಪ್ಪಂ, ಚಾಂಪಿಯನ್, ಊರ್ಗಾಂ, ಬಂಗಾರಪೇಟೆಗಳಿಂದ ಬೆಳಿಗ್ಗೆ ಬೆಂಗಳೂರಿಗೆ ಹೊರಟು ಕತ್ತಲಾದ ಮೇಲೆ ಮರಳುವವರಲ್ಲಿ ಕಾಲೇಜು ಹುಡುಗ ಹುಡುಗಿಯರೂ ಇದ್ದಾರೆ. ಅಂಥವರಿಗೆ ಬ್ಯಾಸ್ಕೆಟ್‌ಬಾಲ್ ಆಡುವ ಆಸೆ ಎಷ್ಟೇ ಇದ್ದರೂ ಅಭ್ಯಾಸಕ್ಕೆ ಸಿಗುವುದು ಅರ್ಧ ಗಂಟೆ. ದೂರದಿಂದ ಚೆಂಡೆಸೆದು ಗೆಳೆಯರಿಂದ ಶಿಳ್ಳೆ ಗಿಟ್ಟಿಸುವುದರಲ್ಲೇ ಅದೂ ಕಳೆದುಹೋದರೆ ಕೈ ಪಳಗುವುದಿಲ್ಲ. ಆ ಅರ್ಧ ಗಂಟೆಯನ್ನು ಹೀಗೆ ಬಳಸಿ.

1. ಹತ್ತಿರದಿಂದ ಶುರು ಮಾಡಿ

ಕೋರ್ಟಿಗೆ ಇಳಿದವರೆಲ್ಲ ಮೊದಲು ಓಡುವುದು 6.75 ಮೀಟರ್ ದೂರದ ತ್ರೀ ಪಾಯಿಂಟ್ ಗೆರೆಗೆ. ನೀವು ರಿಂಗಿನಿಂದ ಎರಡೇ ಹೆಜ್ಜೆ ದೂರ ನಿಲ್ಲಿ. ಕಬ್ಬಿಣ ತಾಗದೆ ಸತತ ಐದು ಚೆಂಡು ಒಳಗೆ ಬಿದ್ದರೆ ಒಂದು ಹೆಜ್ಜೆ ಹಿಂದೆ ಸರಿಯಿರಿ. ಎಸೆಯಲು ಭುಜ ಎಳೆದುಕೊಳ್ಳಬೇಕು ಅನ್ನಿಸಿದ ಜಾಗವೇ ಅಂದಿನ ಗಡಿ. ಅದನ್ನು ದಾಟಿ ಎಸೆದಷ್ಟೂ ತಪ್ಪು ಚಟ ಗಟ್ಟಿಯಾಗುತ್ತದೆ.

2. ಬಲವನ್ನು ಕಾಲಿನಿಂದ ತನ್ನಿ

ಪಾದಗಳ ನಡುವೆ ಭುಜದಷ್ಟು ಅಂತರವಿರಲಿ. ಬಲಗೈಯವರು ಬಲಪಾದವನ್ನು ತುಸು ಮುಂದಿಡಿ, ಎಡಗೈಯವರು ಎಡಪಾದವನ್ನು. ಮಂಡಿ ಮಡಿಸಿ ಏಳುವಾಗಲೇ ಚೆಂಡೂ ಮೇಲೇಳಬೇಕು. ಮಂಡಿ ನೆಟ್ಟಗಾದ ಮೇಲೆ ಕೈ ಕದಲಿದರೆ ಕಾಲಿನ ಬಲವೆಲ್ಲ ವ್ಯರ್ಥ. ದಿನವಿಡೀ ರೈಲಿನಲ್ಲಿ ನಿಂತು ಬಂದವರ ಚೆಂಡು ಸಂಜೆ ರಿಂಗ್ ಮುಟ್ಟದಿದ್ದರೆ ದೋಷ ಕೈಯದಲ್ಲ, ಸೋತ ಕಾಲಿನದು.

3. ಅಂಗೈಗೆ ಚೆಂಡು ಅಂಟದಿರಲಿ

ಬೆರಳುಗಳನ್ನು ಹರಡಿ, ಚೆಂಡು ಅವುಗಳ ತುದಿಯ ಮೆತ್ತನೆಯ ಭಾಗದ ಮೇಲೆ ನಿಲ್ಲಲಿ. ಚೆಂಡಿಗೂ ಅಂಗೈಗೂ ನಡುವೆ ಕೊಂಚ ಬೆಳಕಾಡಬೇಕು. ಇನ್ನೊಂದು ಕೈ ಪಕ್ಕದಲ್ಲಿ ಆಸರೆಗಷ್ಟೇ. ಅದರ ಹೆಬ್ಬೆರಳು ಚೆಂಡನ್ನು ತಳ್ಳಿದರೆ ಗುರಿ ಪಕ್ಕಕ್ಕೆ ವಾಲುತ್ತದೆ. ಅನುಮಾನವಿದ್ದರೆ ರಿಂಗಿನ ಹತ್ತಿರ ನಿಂತು ಒಂದೇ ಕೈಯಲ್ಲಿ ಎಸೆದು ನೋಡಿ.

4. ಮೊಣಕೈಯನ್ನು ಚೆಂಡಿನ ಕೆಳಗಿಡಿ

ಮೊಣಕೈ ರೆಕ್ಕೆಯಂತೆ ಹೊರಗೆ ಚಾಚಿದರೆ ಚೆಂಡು ನೇರ ಹೋಗುವುದಿಲ್ಲ. ಮಂಡಿ, ಮೊಣಕೈ, ಮಣಿಕಟ್ಟು ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ ಬರಲಿ. ಭುಜ ಬಿಗಿಯುತ್ತಿದ್ದರೆ, ಬಲಗೈಯವರು ಎರಡೂ ಪಾದಗಳನ್ನು ಸ್ವಲ್ಪ ಎಡಕ್ಕೆ ತಿರುಗಿಸಿ ನಿಂತು ನೋಡಿ.

5. ಕಣ್ಣಿಗೆ ಒಂದೇ ಗುರಿ ಕೊಡಿ

ರಿಂಗಿನ ಮುಂಭಾಗವೋ ಹಿಂಭಾಗವೋ, ಒಂದನ್ನು ಆರಿಸಿಕೊಳ್ಳಿ. ಕೈಬಿಟ್ಟ ಚೆಂಡಿನ ಹಿಂದೆ ಕಣ್ಣು ಓಡದಿರಲಿ. ಪಕ್ಕದಿಂದ ಓರೆಯಾಗಿ ಎಸೆಯುವಾಗ ಬೋರ್ಡ್ ಬಳಸಿ: ಅದರ ಮೇಲಿನ 59 × 45 ಸೆಂಟಿಮೀಟರ್ ಚೌಕಟ್ಟಿನಲ್ಲಿ ನಿಮ್ಮ ಕಡೆಯ ಮೇಲಿನ ಮೂಲೆಯೇ ಗುರಿ.

6. ಚೆಂಡನ್ನು ಎತ್ತರಕ್ಕೆ ಕಳಿಸಿ

ಇಲ್ಲಿ ಸರಳ ಲೆಕ್ಕವಿದೆ. ರಿಂಗಿನ ಅಗಲ 45 ಸೆಂಟಿಮೀಟರ್, 7ನೇ ಸೈಜಿನ ಚೆಂಡಿನದು ಸುಮಾರು 24. ಚೆಂಡು 45 ಡಿಗ್ರಿ ಕೋನದಲ್ಲಿ ಇಳಿದರೆ ಅದಕ್ಕೆ ಸಿಗುವ ಬಾಯಿ ಸುಮಾರು 32 ಸೆಂಟಿಮೀಟರ್. ಚಪ್ಪಟೆಯಾಗಿ 30 ಡಿಗ್ರಿಯಲ್ಲಿ ಬಂದರೆ 22.5 ಮಾತ್ರ, ಅಂದರೆ ಚೆಂಡಿಗಿಂತ ಕಿರಿದು. ಕಬ್ಬಿಣಕ್ಕೆ ತಾಗದೆ ಅದು ಒಳಹೋಗುವಂತೆಯೇ ಇಲ್ಲ. ರಿಂಗಿರುವುದು 3.05 ಮೀಟರ್ ಎತ್ತರದಲ್ಲಿ. ಚೆಂಡು ಅದಕ್ಕಿಂತ ಸಾಕಷ್ಟು ಮೇಲೇರಿ ಇಳಿಯಲಿ.

7. ಎಸೆದ ಕೈಯನ್ನು ತಕ್ಷಣ ಇಳಿಸಬೇಡಿ

ಕೊನೆಯಲ್ಲಿ ಮಣಿಕಟ್ಟು ಮುಂದಕ್ಕೆ ಬಾಗಿ, ಚೆಂಡು ತೋರುಬೆರಳು ಮತ್ತು ಮಧ್ಯದ ಬೆರಳಿನಿಂದ ಬಿಡುಗಡೆಯಾಗಬೇಕು. ಆಗ ಅದು ಹಿಮ್ಮುಖವಾಗಿ ತಿರುಗುತ್ತ ಹೋಗುತ್ತದೆ. ಹೀಗೆ ತಿರುಗುವ ಚೆಂಡು ರಿಂಗಿನ ಹಿಂಬದಿಗೋ ಬೋರ್ಡಿಗೋ ಬಡಿದಾಗ ವೇಗ ಕಳೆದುಕೊಂಡು ಒಳಗೆ ಬೀಳುವ ಸಾಧ್ಯತೆ ಹೆಚ್ಚು. ಚೆಂಡು ರಿಂಗ್ ಮುಟ್ಟುವವರೆಗೂ ಕೈ ಮೇಲೆಯೇ ಇರಲಿ.

8. ತಪ್ಪಿದ ಎಸೆತದಿಂದ ಕಾರಣ ಹುಡುಕಿ

ಪದೇ ಪದೇ ಗಿಡ್ಡ ಬೀಳುತ್ತಿದ್ದರೆ ಕಾಲು ನೋಡಿ. ಎಡಕ್ಕೆ ಬಲಕ್ಕೆ ಹೋದರೆ ಮೊಣಕೈ ಮತ್ತು ಆಸರೆಯ ಕೈ ನೋಡಿ. ರಿಂಗಿನ ಹಿಂಬದಿಗೆ ಜೋರಾಗಿ ಬಡಿದರೆ ಎತ್ತರ ಸಾಲದಾಗಿದೆ. ಒಂದು ಸಲಕ್ಕೆ ಒಂದೇ ದೋಷ ತಿದ್ದಿ. ಗೆಳೆಯರ ಮೊಬೈಲಿನಲ್ಲಿ ಪಕ್ಕದಿಂದ ಒಮ್ಮೆ, ಎದುರಿನಿಂದ ಒಮ್ಮೆ ವಿಡಿಯೊ ಮಾಡಿಸಿ. ಮೊಣಕೈ ಹೊರಗಿಲ್ಲ ಎಂದು ವಾದಿಸುವವರೂ ಅದನ್ನು ನೋಡಿ ಸುಮ್ಮನಾಗುತ್ತಾರೆ.

9. ಗಾಳಿ, ದೂಳು, ವಯಸ್ಸು ನೋಡಿಕೊಳ್ಳಿ

ಆಷಾಢದ ಗಾಳಿಗೆ ಕೆಜಿಎಫ್‌ನ ಗಣಿ ತ್ಯಾಜ್ಯದ ಸೈನೈಡ್ ದಿಬ್ಬಗಳ ಪುಡಿಮಣ್ಣು ಊರಿಗೆಲ್ಲ ಹಾರುತ್ತದೆ. ದೂಳು ಮೆತ್ತಿದ ಚೆಂಡು ಜಾರುತ್ತದೆ, ಬೆರಳು ತಪ್ಪುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಆರಿದ ಮೇಲೆ ಎಸೆಯಿರಿ. ಗಾಳಿ ಜೋರಾಗಿದ್ದರೆ ದೂರದ ಎಸೆತ ಬಿಟ್ಟು ಹತ್ತಿರದ ಅಭ್ಯಾಸ ಮಾಡಿ. ಗಾಳಿಗೆ ತಕ್ಕಂತೆ ಕೈ ತಿರುಚಲು ಕಲಿತರೆ ಒಳಾಂಗಣದಲ್ಲಿ ಪರದಾಡುತ್ತೀರಿ. 7ನೇ ಸೈಜು ಪುರುಷರಿಗೆ, 6 ಮಹಿಳೆಯರಿಗೆ, 5 ಚಿಕ್ಕ ಮಕ್ಕಳಿಗೆ. ಚಿಕ್ಕವರ ಕೈಗೆ ದೊಡ್ಡ ಚೆಂಡು ಕೊಟ್ಟರೆ ಅವರು ಸೊಂಟದಿಂದ ಎತ್ತಿ ಎಸೆಯುವುದನ್ನೇ ಕಲಿಯುತ್ತಾರೆ.

10. ಫ್ರೀ ಥ್ರೋವನ್ನು ದಣಿದ ಮೇಲೆ ಎಸೆಯಿರಿ

ಶೈಲಿ ತಿದ್ದುವ ಕೆಲಸ ಮೈ ಹಗುರವಿದ್ದಾಗ. ಫ್ರೀ ಥ್ರೋ ಮಾತ್ರ ಕೋರ್ಟಿನ ಉದ್ದಕ್ಕೂ ಓಡಿ, ಏದುಸಿರು ಬಿಡುತ್ತಿರುವಾಗ. ಪಂದ್ಯದಲ್ಲಿ ಅದು ಸಿಗುವುದೇ ಹಾಗೆ. ಬೋರ್ಡಿನಿಂದ 4.6 ಮೀಟರ್ ದೂರ, ಕೈಯಲ್ಲಿ 5 ಸೆಕೆಂಡು. ಆ ಅವಧಿಗೆ ಒಂದು ಕ್ರಮ ಕಟ್ಟಿಕೊಳ್ಳಿ: ಉಸಿರು, ಎರಡು ಡ್ರಿಬಲ್, ಗುರಿ, ಎಸೆತ. ಎನ್‌ಬಿಎಯಲ್ಲಿ ಶೇ 90ಕ್ಕೂ ಹೆಚ್ಚು ಫ್ರೀ ಥ್ರೋ ಬುಟ್ಟಿಗೆ ಹಾಕಿದ ಸ್ಟೀವ್ ನ್ಯಾಶ್, ಚೆಂಡು ಕೈಗೆ ಬರುವ ಮೊದಲೇ ಬರಿಗೈಯಲ್ಲಿ ಎಸೆತವನ್ನು ಅಭಿನಯಿಸಿಕೊಳ್ಳುತ್ತಿದ್ದರು.

ದಿನಕ್ಕೆ ಹತ್ತು ಫ್ರೀ ಥ್ರೋ ಎಸೆದು, ಬಿದ್ದದ್ದೆಷ್ಟು ಎಂದು ಪುಸ್ತಕದಲ್ಲಿ ಬರೆದಿಡಿ. ಶೈಲಿ ಬದಲಿಸಿದ ಮೊದಲ ವಾರಗಳಲ್ಲಿ ಅಂಕ ಇಳಿಯಬಹುದು. ಹೆದರಿ ಹಳೆಯ ರೀತಿಗೆ ಮರಳಬೇಡಿ. ಒಂದೊಂದು ಫ್ರೀ ಥ್ರೋಗೂ ಬೆಲೆಯಿದೆ. 2017ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಭಾರತದ ಮಹಿಳೆಯರು ಕಜಾಕಸ್ತಾನವನ್ನು ಮಣಿಸಿ ಏಷ್ಯಾ ಕಪ್‌ನ ಬಿ ವಿಭಾಗ ಗೆದ್ದದ್ದು 75–73ರಿಂದ. ಎರಡು ಅಂಕವೆಂದರೆ ಎರಡೇ ಫ್ರೀ ಥ್ರೋ. ಅರ್ಧ ಗಂಟೆಯಲ್ಲಿ ಬೇರೆ ಯಾವುದಕ್ಕೆ ಸಮಯ ಸಾಲದಿದ್ದರೂ ಅವಕ್ಕೆ ಸಾಲುತ್ತದೆ.