ಆರೈಕೆ ಕೇಂದ್ರ ಆರಿಸುವ ಮುನ್ನ

ಡಿಮೆನ್ಷಿಯಾ ಇರುವ ಅಪ್ಪನನ್ನೋ ಅಮ್ಮನನ್ನೋ ಆರೈಕೆ ಕೇಂದ್ರಕ್ಕೆ ಸೇರಿಸಿದರೆ ಕೈಬಿಟ್ಟಂತಲ್ಲ. ರಾತ್ರಿಯಿಡೀ ಎಚ್ಚರವಿದ್ದು, ಬಾಗಿಲು ತೆರೆದು ಹೊರಟುಬಿಡುವವರನ್ನು ಮನೆಯಲ್ಲಿ ಒಬ್ಬರೇ ನೋಡಿಕೊಳ್ಳುವ ಕಷ್ಟ ಅನುಭವಿಸಿದವರಿಗೇ ಗೊತ್ತು. ಆದರೆ ಆಯ್ಕೆಯಲ್ಲಿ ಮಾತ್ರ ಅವಸರ ಬೇಡ.

ಮೊದಲು ನಿಮ್ಹಾನ್ಸ್‌ನಂಥ ಕಡೆ ತಜ್ಞರಿಗೆ ತೋರಿಸಿ. ಥೈರಾಯ್ಡ್ ತೊಂದರೆ, ವಿಟಮಿನ್ ಬಿ12 ಕೊರತೆಯಿಂದಲೂ ಮರೆವು ಬರಬಹುದು, ಅದಕ್ಕೆ ಚಿಕಿತ್ಸೆಯಿದೆ. ಕಾಯಿಲೆ ಆರಂಭದ ಹಂತದಲ್ಲಿದ್ದರೆ ಹಗಲು ಆರೈಕೆ ಕೇಂದ್ರವೇ ಸಾಕಾಗಬಹುದು.

ಕೇಂದ್ರ ನೋಡಲು ಹೋದಾಗ ಕಟ್ಟಡದ ಅಂದಕ್ಕೆ ಮರುಳಾಗಬೇಡಿ. ಒಮ್ಮೆ ಊಟದ ಹೊತ್ತಿಗೆ, ಇನ್ನೊಮ್ಮೆ ಸಂಜೆ ಹೋಗಿ. ಸಂಜೆಯಾದಂತೆ ಹಲವರಿಗೆ ಗಲಿಬಿಲಿ, ಚಡಪಡಿಕೆ ಹೆಚ್ಚುತ್ತದೆ. "ಮನೆಗೆ ಹೋಗಬೇಕು" ಎಂದು ಅಜ್ಜಿಯೊಬ್ಬರು ಬಾಗಿಲು ತಟ್ಟುವಾಗ ಆಯಾ ಗದರುತ್ತಾರೋ, "ಬನ್ನಿ ಅಜ್ಜಿ, ಮೊದಲು ಕಾಫಿ ಕುಡಿಯೋಣ" ಎಂದು ಕೈಹಿಡಿಯುತ್ತಾರೋ ಗಮನಿಸಿ. ಬಾಯಲ್ಲಿರುವ ತುತ್ತು ನುಂಗುವವರೆಗೆ ಕಾದು ಉಣಿಸುತ್ತಾರೆಯೇ? ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಕಂಬಿ ಇದೆಯೇ? ಕನ್ನಡವೋ, ತುಳುವೋ, ಉರ್ದುವೋ, ಅವರ ಮನೆಮಾತು ಆಡುವವರು ಇದ್ದಾರೆಯೇ? ಕಾಯಿಲೆ ಬಲಿತಂತೆ ಅನೇಕರು ಆಮೇಲೆ ಕಲಿತ ಭಾಷೆಯನ್ನೇ ಮೊದಲು ಮರೆಯುತ್ತಾರೆ.

ರಾತ್ರಿ ಪಾಳಿಯಲ್ಲಿ ಎಷ್ಟು ಜನರಿರುತ್ತಾರೆ, ತುರ್ತು ಬಂದರೆ ಯಾವ ಆಸ್ಪತ್ರೆ, ನಿದ್ದೆ ಮಾತ್ರೆ ಕೊಡುವ ಮುನ್ನ ನಿಮಗೆ ತಿಳಿಸುತ್ತಾರೆಯೇ ಎಂದು ಕೇಳಿ. ಡಯಾಪರ್, ಔಷಧಿಯ ಖರ್ಚು ಯಾರದು, ಮುಂಗಡ ವಾಪಸ್ ಬರುತ್ತದೆಯೇ ಎಂಬುದೆಲ್ಲ ಕಾಗದದ ಮೇಲಿರಲಿ. ಹೇಳದೆ ಬಂದು ನೋಡಲು ಬಿಡದ ಕೇಂದ್ರ ಬೇಡವೇ ಬೇಡ.

ಮಾಹಿತಿ ಬೇಕಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ. ಸೇರಿಸಿದ ಮೇಲೂ ಆಗಾಗ ಹೋಗಿ ಬನ್ನಿ. ನಿಮ್ಮ ಹೆಸರು ಮರೆತವರಿಗೂ ನಿಮ್ಮ ಒಡನಾಟ ಬೇಕು.