ಮೊದಲು ಮೈ ನೋಡು, ಆಮೇಲೆ ಇಸವಿ

ಅಜ್ಜಿಯ ನಾಣ್ಯದ ಡಬ್ಬಿ ನಿನ್ನ ಪಾಲಿಗೆ ಬಂತು ಅಂತ ಕೇಳಿ ತುಂಬ ಸಂತೋಷವಾಯಿತು ಕಣಮ್ಮಾ. ಫೋನಿನಲ್ಲಿ ನೀನು ಎರಡು ಪ್ರಶ್ನೆ ಕೇಳಿದೆ. ‘ದೊಡ್ಡಪ್ಪ, ಇದಕ್ಕೆಲ್ಲ ಎಷ್ಟು ಬರುತ್ತೆ?’ ಅನ್ನುವುದು ಮೊದಲನೆಯದು. ‘ಹುಣಸೆಹಣ್ಣು ಹಾಕಿ ಉಜ್ಜಿ ಫೋಟೊ ಕಳಿಸಲಾ?’ ಅನ್ನುವುದು ಎರಡನೆಯದು. ಎರಡನೆಯದಕ್ಕೇ ಮೊದಲು ಉತ್ತರ ಕೊಡುತ್ತೇನೆ, ಯಾಕೆಂದರೆ ಮೊದಲನೆಯದರ ಉತ್ತರ ಅದರ ಮೇಲೆ ನಿಂತಿದೆ. ಉಜ್ಜಬೇಡ. ಹುಣಸೆಹುಳಿ, ನಿಂಬೆ, ವಿಭೂತಿ, ಸಬೀನ, ಟೂತ್‌ಪೇಸ್ಟ್ ಯಾವುದೂ ಆ ಡಬ್ಬಿಯ ಹತ್ತಿರ ಸುಳಿಯಬಾರದು.

ಕಾರಣ ಹೇಳದಿದ್ದರೆ ನೀನು ಒಪ್ಪುವವಳಲ್ಲ, ಅದಕ್ಕೇ ಹೇಳುತ್ತೇನೆ. ಟಂಕಸಾಲೆಯಲ್ಲಿ ಅಚ್ಚು ಬಿದ್ದಾಗ ಲೋಹ ಆ ಒತ್ತಡಕ್ಕೆ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಆ ಹರಿವಿನ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು ನಾಣ್ಯದ ಮೈಮೇಲೆ ಉಳಿದುಬಿಡುತ್ತವೆ. ಚಲಾವಣೆ ಕಾಣದ ನಾಣ್ಯವನ್ನು ದೀಪದ ಕೆಳಗೆ ಮೆಲ್ಲಗೆ ಓರೆ ಮಾಡಿದರೆ ಬೆಳಕು ಗಾಡಿ ಚಕ್ರದ ಅರಗಳ ಹಾಗೆ ಸುತ್ತುವುದು ಆ ಗೆರೆಗಳಿಂದಲೇ. ಸಂಗ್ರಹಕಾರರು ಹಣ ಕೊಡುವುದು ಈ ಹುಟ್ಟುಹೊಳಪಿಗೆ. ಹುಳಿ ಹಾಕಿದರೆ ಲೋಹದ ತೆಳುಪದರವೇ ಕರಗಿ ಈ ಗೆರೆಗಳು ಹೋಗುತ್ತವೆ. ಪುಡಿ ಹಾಕಿ ಉಜ್ಜಿದರೆ ಬೇರೆ ಗೆರೆಗಳು, ಕೂದಲೆಳೆಯಂಥ ಗೀರುಗಳು ಬೀಳುತ್ತವೆ. ಹಾಗೆ ಉಜ್ಜಿದ ನಾಣ್ಯವೂ ಮಿಂಚುತ್ತದೆ. ಆದರೆ ಆ ಮಿಂಚು ಸತ್ತದ್ದು. ಕಣ್ಣು ಪಳಗಿದವರಿಗೆ ಅದು ದೂರದಿಂದಲೇ ಗೊತ್ತಾಗುತ್ತದೆ, ಬೆಲೆ ಅರ್ಧಕ್ಕಿಂತ ಕೆಳಗೆ ಇಳಿಯುವುದೂ ಉಂಟು.

ಬೆಳ್ಳಿಯ ಮೇಲಿನ ಕಪ್ಪು ಕೊಳೆಯಲ್ಲ. ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಯನ್ನು ಸೇರಿ ವರ್ಷಗಟ್ಟಲೆ ನಿಧಾನವಾಗಿ ಬಣ್ಣ ಕಟ್ಟುತ್ತದೆ. ನಸುಹಳದಿ, ಕಂದು, ನೀಲಿ, ಕೊನೆಗೆ ಕಪ್ಪು. ಕೆಲವು ನಾಣ್ಯಗಳ ಅಂಚಿನಲ್ಲಿ ನವಿಲುಗರಿಯ ಬಣ್ಣ ನಿಂತಿರುತ್ತದೆ, ಅಂಥವಕ್ಕೆ ಹೆಚ್ಚು ಕೊಟ್ಟು ಕೊಳ್ಳುವವರಿದ್ದಾರೆ. ತಾಮ್ರಕ್ಕೂ ಇದೇ ಮಾತು. ಮೇಲಿನ ಕಂದುಬಣ್ಣ ಅದರ ರಕ್ಷಾಕವಚ. ಹಸಿರು ಕಂಡರೆ ಮಾತ್ರ ನಿಂತು ನೋಡು. ಗಟ್ಟಿಯಾಗಿ, ನುಣ್ಣಗೆ, ಕಲ್ಲಿನಂತೆ ಅಂಟಿಕೊಂಡ ಹಸಿರಾದರೆ ಹೆದರಬೇಕಿಲ್ಲ. ತಿಳಿಹಸಿರು ಪುಡಿಯಾಗಿ ಉದುರುತ್ತಿದ್ದರೆ ಅದು ಲೋಹವನ್ನು ತಿನ್ನುವ ಕಿಲುಬು. ಅಂಥದ್ದನ್ನು ಉಳಿದವುಗಳಿಂದ ಬೇರೆ ಇಟ್ಟು, ತೇವ ತಾಗದಂತೆ ಕಾಪಾಡಿ, ತಿಳಿದವರಿಗೆ ತೋರಿಸು. ಲಕ್ಷ್ಮೀಪೂಜೆಗೆ ಇಟ್ಟ ರೂಪಾಯಿಗಳ ಮೇಲೆ ಕುಂಕುಮ ಅಂಟಿದ್ದರೆ ಡಿಸ್ಟಿಲ್ಡ್ ವಾಟರಿನಲ್ಲಿ ನೆನೆಹಾಕಿ, ಮೆತ್ತನೆಯ ಹತ್ತಿಬಟ್ಟೆಯ ಮೇಲಿಟ್ಟು ಒತ್ತಿ ತೇವ ತೆಗೆ. ಒರೆಸಬೇಡ.

ಇನ್ನು ಸ್ಥಿತಿ ಅಳೆಯುವ ವಿಷಯ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಒಂದು ತಗೋ. ನಾಣ್ಯವನ್ನು ಅಂಚಿನಲ್ಲೇ ಹಿಡಿ, ಕೆಳಗೆ ಮೆತ್ತನೆಯ ಬಟ್ಟೆ ಹಾಸಿರಲಿ. ಸವೆತ ಶುರುವಾಗುವುದು ಯಾವಾಗಲೂ ಎತ್ತರದ ಜಾಗದಲ್ಲಿ. ವಿಕ್ಟೋರಿಯಾ ರಾಣಿಯ ರೂಪಾಯಿಯಲ್ಲಿ ಹುಬ್ಬು, ಕಿವಿಯ ಮೇಲಿನ ಕೂದಲು, ಕಿರೀಟದ ಹರಳು, ಉಡುಪಿನ ಕಸೂತಿ ನೋಡು. ಐದನೇ ಜಾರ್ಜ್ ರೂಪಾಯಿಯಲ್ಲಿ ಕಿರೀಟ, ಹುಬ್ಬು, ಮೀಸೆ, ಎದೆಯ ಮೇಲಿನ ಪುಟ್ಟ ಆನೆ ನೋಡು. ಕಸೂತಿಯ ಎಳೆ ಎಳೆ ಎಣಿಸುವಂತಿದ್ದು ಹುಬ್ಬಿನ ತುದಿ ಮಾತ್ರ ತುಸು ತಟ್ಟಿದಂತಿದ್ದರೆ ವ್ಯಾಪಾರಿಗಳು ಅದನ್ನು ‘ಎಕ್ಸ್‌ಎಫ್’ ಅನ್ನುತ್ತಾರೆ. ಮುಖ್ಯ ಗೆರೆಗಳಿದ್ದು ಸಣ್ಣವು ಅಳಿಸಿದ್ದರೆ ‘ವಿಎಫ್’. ಅದಕ್ಕಿಂತ ಸವೆದದ್ದು ‘ಫೈನ್’. ಹೆಸರು ಕೇಳಿ ಮೋಸ ಹೋಗಬೇಡ, ‘ಫೈನ್’ ಅಂದರೆ ಸಾಕಷ್ಟು ಸವೆದ ನಾಣ್ಯವೇ. ಸವೆತವೇ ಇಲ್ಲದ್ದು ‘ಯುಎನ್‌ಸಿ’. ಅಮೆರಿಕದ ವಿಲಿಯಂ ಶೆಲ್ಡನ್ 1949ರಲ್ಲಿ ಅಲ್ಲಿಯ ತಾಮ್ರದ ಸೆಂಟುಗಳಿಗಾಗಿ ಒಂದರಿಂದ ಎಪ್ಪತ್ತರವರೆಗೆ ಅಂಕ ಕೊಡುವ ಪದ್ಧತಿ ಹಾಕಿದ. ಈಗ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಅಂಕ ಬರೆದು ಕೊಡುವ ಕಂಪನಿಗಳೆಲ್ಲ ನಡೆಸುವುದು ಅದನ್ನೇ.

ಈ ಲೆಕ್ಕ ಯಂತ್ರದಲ್ಲಿ ಒತ್ತಿದ ನಾಣ್ಯಕ್ಕೆ ಸರಿ. ನಮ್ಮ ಮೈಸೂರಿನ ಹಳೆಯ ತಾಮ್ರಕ್ಕೆ ಇದನ್ನೇ ಹಿಡಿದು ಹೋದರೆ ಅನ್ಯಾಯವಾಗುತ್ತದೆ. ಟಿಪ್ಪುವಿನ ಆನೆ ಕಾಸು ಕೈಯಿಂದ ಸುತ್ತಿಗೆ ಹೊಡೆದು ಮಾಡಿದ್ದು. ಅಚ್ಚು ದೊಡ್ಡದು, ತಾಮ್ರದ ಬಿಲ್ಲೆ ಚಿಕ್ಕದು. ಹಾಗಾಗಿ ಆನೆಯ ಸೊಂಡಿಲು ಹೊರಗುಳಿದಿರಬಹುದು, ಇಸವಿಯ ಅರ್ಧ ಹೋಗಿರಬಹುದು. ಅದು ಸವೆತವಲ್ಲ, ಹುಟ್ಟುವಾಗಲೇ ಬಂದದ್ದು. ಇಲ್ಲಿ ಬೆಲೆ ಹುಟ್ಟುವುದು ಬೇರೆ ಮೂರು ಸಂಗತಿಗಳಿಂದ. ಆನೆ ಪೂರ್ತಿ ಕೂತಿದೆಯಾ? ಹಿಂಬದಿಯಲ್ಲಿ ಟಂಕಸಾಲೆಯ ಹೆಸರು ಓದಲು ಬರುತ್ತದೆಯಾ? ಇಸವಿ ಇದೆಯಾ? ಶ್ರೀರಂಗಪಟ್ಟಣದಲ್ಲಿ ಆದದ್ದಕ್ಕೆ ‘ಪಟ್ಟನ್’ ಎಂದಿರುತ್ತದೆ. ಅದು ಹೇರಳವಾಗಿ ಸಿಗುತ್ತದೆ. ಚಿತ್ರದುರ್ಗದ ಟಂಕಸಾಲೆಗೆ ‘ಫರ್ರುಖ್‌ಯಾಬ್ ಹಿಸಾರ್’ ಎಂದೂ ಧಾರವಾಡದ್ದಕ್ಕೆ ‘ಖುರ್ಷೀದ್ ಸವಾದ್’ ಎಂದೂ ಟಿಪ್ಪು ಹೆಸರಿಟ್ಟಿದ್ದ. ಧಾರವಾಡದ್ದು ಕಂಡರೆ ನನ್ನ ಎದೆ ಈಗಲೂ ಹೊಡೆದುಕೊಳ್ಳುತ್ತದೆ. ಇನ್ನೊಂದು ಸೂಕ್ಷ್ಮವೂ ಉಂಟು. ಅವನು ಮೌಲೂದಿ ಎಂಬ ಹೊಸ ಶಕೆ ತಂದ ಮೇಲೆ, 1215ರಿಂದ ಮುಂದಿನ ಇಸವಿಗಳ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಎಂದಿನಂತೆ ಎಡದಿಂದ ಓದಿದರೆ ಅರ್ಥವಾಗದ ಸಂಖ್ಯೆ ಬರುತ್ತದೆ, ಅಷ್ಟಕ್ಕೇ ನಕಲಿ ಎಂದುಕೊಳ್ಳಬೇಡ. ಜೆ. ಆರ್. ಹೆಂಡರ್ಸನ್ 1921ರಲ್ಲಿ ಹೈದರ್ ಮತ್ತು ಟಿಪ್ಪುವಿನ ನಾಣ್ಯಗಳ ಬಗ್ಗೆ ಬರೆದ ಪುಸ್ತಕ ಒಳ್ಳೆಯ ಗ್ರಂಥಾಲಯದಲ್ಲಿ ಸಿಕ್ಕೀತು. ಕರ್ನಾಟಕದ ಒಟ್ಟು ನಾಣ್ಯಗಳಿಗೆ ಎ. ವಿ. ನರಸಿಂಹಮೂರ್ತಿಯವರ ಪುಸ್ತಕವಿದೆ. ನೂರು ವಿಡಿಯೊ ನೋಡುವ ಬದಲು ಇವೆರಡನ್ನು ಮುಂದಿಟ್ಟುಕೊಂಡು ಕೂರು.

ಡಬ್ಬಿಯಲ್ಲಿ ‘ಮಯಿಲಿ ಕಾಸು’ ಎಂದು ಕನ್ನಡದಲ್ಲಿ ಬರೆದ ತಾಮ್ರ ಇದ್ದರೆ ಅದು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಮೊದಲು ಆನೆ, ಆಮೇಲಿನವುಗಳಲ್ಲಿ ಸಿಂಹ. ಕನ್ನಡ, ಇಂಗ್ಲಿಷ್, ಪರ್ಷಿಯನ್ ಮೂರೂ ಒಂದೇ ಬಿಲ್ಲೆಯ ಮೇಲೆ ಇರುವುದರಿಂದ ಯಾವ ಅಕ್ಷರ ಎಷ್ಟು ಉಳಿದಿದೆ ಎಂದು ಬರೆದುಕೊ.

ಹಳೆಯದು ಅಂದಮಾತ್ರಕ್ಕೆ ಬೆಲೆ ಬರುವುದಿಲ್ಲ. ಐನೂರು ವರ್ಷದ ಹಿಂದಿನ ವಿಜಯನಗರದ ಸಾಮಾನ್ಯ ತಾಮ್ರದ ಕಾಸು ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. 1939ರ ಆರನೇ ಜಾರ್ಜ್ ಬೆಳ್ಳಿ ರೂಪಾಯಿ ಅದರ ಎಷ್ಟೋ ಪಟ್ಟು ಬಾಳುತ್ತದೆ, ಯಾಕೆಂದರೆ ಅದು ಬಲು ವಿರಳ. ಹಾಗೆಂದೇ ಅದರ ನಕಲಿಯೂ ಹೆಚ್ಚು, ಇಸವಿಯ ಕೊನೆಯ ಅಂಕಿ ತಿದ್ದಿದ್ದಾರೆಯೇ ಎಂದು ಮಸೂರ ಹಿಡಿದು ನೋಡು. 1918, 1919ರ ರೂಪಾಯಿ ನಿನ್ನ ಡಬ್ಬಿಯಲ್ಲಿ ಹಿಡಿತುಂಬ ಇರುತ್ತವೆ. ಮೊದಲ ಮಹಾಯುದ್ಧದಲ್ಲಿ ಇಲ್ಲಿ ಬೆಳ್ಳಿಗೆ ಬರ ಬಂದಾಗ ಅಮೆರಿಕ 1918ರ ಪಿಟ್‌ಮನ್ ಕಾಯ್ದೆಯಂತೆ ಸುಮಾರು 27 ಕೋಟಿ ಬೆಳ್ಳಿ ಡಾಲರ್ ಕರಗಿಸಿತು, ಅದರಲ್ಲಿ ಬಹುಪಾಲು ಭಾರತಕ್ಕಾಗಿಯೇ. ಅಷ್ಟೊಂದು ಅಚ್ಚಾದದ್ದಕ್ಕೆ ವಿರಳತೆಯ ಬೆಲೆ ಎಲ್ಲಿಂದ ಬರಬೇಕು? 1911ರದ್ದು ಸಿಕ್ಕಿದರೆ ಬೇರೆ ಇಡು. ದೊರೆಯ ಎದೆಯ ಮೇಲಿನ ಆನೆ ಹಂದಿಯಂತೆ ಕಾಣುತ್ತದೆ ಎಂದು ಜನ ಆಕ್ಷೇಪಿಸಿದ್ದರಿಂದ ಅದನ್ನು ಹಿಂದಕ್ಕೆ ಪಡೆದು 1912ರಲ್ಲಿ ಆನೆಯನ್ನು ತಿದ್ದಿದರು. ಆ ಆನೆ ಸ್ಪಷ್ಟವಾಗಿ ಉಳಿದಿದ್ದರೆ ಮಾತ್ರ ಅದಕ್ಕೆ ಒಳ್ಳೆಯ ಬೆಲೆ. 1862ರ ರೂಪಾಯಿಯಂತೂ ಒಂದು ಪುಟ್ಟ ಲೋಕ. ಅದೇ ಇಸವಿಯನ್ನು 1874ರವರೆಗೂ ಅಚ್ಚು ಹಾಕಿದರು. ಹಿಂಬದಿಯ ಸಣ್ಣ ಚುಕ್ಕಿಗಳನ್ನು ಎಣಿಸಿ ನಿಜವಾದ ವರ್ಷ ಹಿಡಿಯುವವರಿದ್ದಾರೆ.

ಬೆಲೆಯ ತಳಪಾಯ ಬೆಳ್ಳಿ. 1835ರಿಂದ 1939ರವರೆಗಿನ ರೂಪಾಯಿ ಒಂದು ತೊಲ, ಅಂದರೆ 11.66 ಗ್ರಾಂ. ಅದರಲ್ಲಿ ಅಪ್ಪಟ ಬೆಳ್ಳಿ ಸುಮಾರು 10.7 ಗ್ರಾಂ. 1940ರಿಂದ 1945ರವರೆಗಿನದರಲ್ಲಿ ಅರ್ಧ ಮಾತ್ರ ಬೆಳ್ಳಿ. 1947ರ ಹುಲಿ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ನಿಕ್ಕಲ್. ಹಾಗಾಗಿ ಅದು ಅಯಸ್ಕಾಂತಕ್ಕೆ ಅಂಟಿಕೊಂಡರೆ ಗಾಬರಿಯಾಗಬೇಡ. ವಿಕ್ಟೋರಿಯಾ ರೂಪಾಯಿ ಅಂಟಿಕೊಂಡರೆ ಮಾತ್ರ ಅದು ಖೋಟಾ. ಇನ್ನೊಂದು ಪರೀಕ್ಷೆ ಮನೆಯಲ್ಲೇ ಮಾಡಬಹುದು. ಚಿನ್ನ ತೂಗುವಂಥ ಪುಟ್ಟ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತಂದುಕೊ. ರೂಪಾಯಿಯನ್ನು ಸಣ್ಣ ದಾರದಲ್ಲಿ ಕಟ್ಟಿ, ತಳ ಮುಟ್ಟದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿ. ಒಳ್ಳೆಯ ಬೆಳ್ಳಿಯಾದರೆ ತಕ್ಕಡಿ 1.13 ಗ್ರಾಂ ಆಸುಪಾಸಿನಲ್ಲಿ ನಿಲ್ಲುತ್ತದೆ. ಹಗುರ ಲೋಹದ ನಕಲಿ ಹೆಚ್ಚು ತೋರಿಸುತ್ತದೆ. ಎರಕ ಹೊಯ್ದ ನಕಲಿಗೆ ಅಕ್ಷರಗಳ ಮೂಲೆ ಮೊಂಡಾಗಿರುತ್ತದೆ, ಮೈಮೇಲೆ ಸೂಜಿಮೊನೆಯಂಥ ಗುಳಿಗಳಿರುತ್ತವೆ, ಅಂಚಿನಲ್ಲಿ ಸುತ್ತಲೂ ಒಂದು ಗೆರೆ ಕಂಡೀತು.

ರಾಮ, ಸೀತೆ, ಲಕ್ಷ್ಮಣ, ಹನುಮಂತ ಇರುವ ‘ಈಸ್ಟ್ ಇಂಡಿಯಾ ಕಂಪನಿ 1818’ ಎಂಬ ತಾಮ್ರದ ಬಿಲ್ಲೆ ಇದ್ದರೆ ಅದನ್ನು ದೇವರ ಮುಂದೆ ಇಡು. ಕಂಪನಿ ಅಂಥ ನಾಣ್ಯ ಹೊರಡಿಸಲೇ ಇಲ್ಲ. ಅದಕ್ಕೆ ಲಕ್ಷ ಕೊಡುತ್ತೇವೆ ಅನ್ನುವವರು, ಅಕ್ಕಿ ಸೆಳೆಯುವ ನಾಣ್ಯ ಅಂತ ‘ರೈಸ್ ಪುಲ್ಲಿಂಗ್’ ಮಾತಾಡುವವರು, ವೈಷ್ಣೋದೇವಿಯ ಚಿತ್ರವಿರುವ ಐದು ರೂಪಾಯಿಗೆ ಕಾರು ಬರುತ್ತದೆ ಅನ್ನುವವರು ಎಲ್ಲರೂ ಕೊನೆಗೆ ನಿನ್ನಿಂದಲೇ ಮುಂಗಡ ಕೇಳುತ್ತಾರೆ. ಹಳೆಯ ನಾಣ್ಯ, ನೋಟುಗಳ ವ್ಯವಹಾರ ತಾನು ಮಾಡುವುದಿಲ್ಲ, ಅದಕ್ಕಾಗಿ ಶುಲ್ಕ, ಕಮಿಷನ್ ಕೇಳುವುದೂ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2021ರಲ್ಲಿ ಜನರನ್ನು ಎಚ್ಚರಿಸಿದೆ. ಫೋನು ಬಂದರೆ ಇಟ್ಟುಬಿಡು ಮಗಳೇ, ವಾದ ಮಾಡಬೇಡ.

ಕೆಲವು ರೂಪಾಯಿಗಳಿಗೆ ಮೇಲ್ಗಡೆ ಬೆಸುಗೆಯ ಗುರುತು ಇರಬಹುದು. ಸರ ಮಾಡಿಸಲು ಕೊಂಡಿ ಹಾಕಿ ಆಮೇಲೆ ತೆಗೆದದ್ದು ಅದು. ಸಂಗ್ರಹಕಾರ ಅದಕ್ಕೆ ಬೆಳ್ಳಿಯ ಬೆಲೆಗಿಂತ ಹೆಚ್ಚು ಕೊಡುವುದು ಅಪರೂಪ, ಅಕ್ಕಸಾಲಿಯಿಂದ ಮುಚ್ಚಿಸಿದರೆ ಇನ್ನೂ ಕೆಡುತ್ತದೆ. ಹಳೆಯ ರೂಪಾಯಿಯ ಮೇಲೆ ಶರಾಫರು ಬೆಳ್ಳಿ ಪರೀಕ್ಷೆಗೆ ಹೊಡೆದ ಚಿಕ್ಕ ಮುದ್ರೆಗಳೂ ಕಾಣಬಹುದು. ಪೇಟೆಯಲ್ಲಿ ಅದಕ್ಕೂ ಬೆಲೆ ಕಡಿಮೆ ಮಾಡುತ್ತಾರೆ. ನನಗೆ ಅವು ಇಷ್ಟ. ಆ ನಾಣ್ಯ ಎಷ್ಟು ಕೈ ದಾಟಿತು, ಎಷ್ಟು ಜನ ಅದನ್ನು ನಂಬುವ ಮೊದಲು ಪರೀಕ್ಷಿಸಿದರು ಎಂಬುದಕ್ಕೆ ಅದೇ ಸಾಕ್ಷಿ. ಪೇಟೆಯ ಮಾತಿಗೆ ಅವನ್ನು ಕರಗಿಸಲು ಕೊಡಬೇಡ. ಕೊಂಡಿ ಇನ್ನೂ ಇರುವ ಸರವೇ ಸಿಕ್ಕರೆ ಬಿಚ್ಚಬೇಡ, ಸರವಾಗಿಯೇ ಇರಲಿ.

ಮಾರಲೇಬೇಕಾದರೆ, ಜಾಲತಾಣದಲ್ಲಿ ಜನ ಕೇಳುವ ಬೆಲೆ ನೋಡಬೇಡ, ಹರಾಜಿನಲ್ಲಿ ನಿಜವಾಗಿ ಹೋದ ಬೆಲೆ ನೋಡು. ಅದೇ ಇಸವಿ, ಅದೇ ಟಂಕಸಾಲೆ, ಅದೇ ಸ್ಥಿತಿ ಮೂರೂ ಹೊಂದಬೇಕು. ಇಬ್ಬರು ಮೂವರು ವ್ಯಾಪಾರಿಗಳಿಗೆ ಬೇರೆ ಬೇರೆಯಾಗಿ ತೋರಿಸು, ಒಬ್ಬ ಹೇಳಿದ ಬೆಲೆ ಇನ್ನೊಬ್ಬನಿಗೆ ಹೇಳಬೇಡ. ಇಡೀ ಡಬ್ಬಿಗೆ ಒಂದೇ ಬೆಲೆ ಕಟ್ಟುವವನಿಗೆ ಕೊಡಬೇಡ. ಅಲ್ಲಿಯವರೆಗೆ ಮೆತ್ತನೆಯ ಪಿವಿಸಿ ಕವರಿನಲ್ಲಿ ಇಡಬೇಡ, ಅದು ಕಾಲಕ್ರಮದಲ್ಲಿ ಹಸಿರು ಜಿಡ್ಡು ಬಿಡುತ್ತದೆ. ಮೈಲಾರ್ ಹಾಳೆಯ ಹೋಲ್ಡರು ಮತ್ತು ಸಿಲಿಕಾ ಜೆಲ್ ಸಾಕು.

ಅಮೆರಿಕದಲ್ಲಿರುವ ನಿಮ್ಮಣ್ಣ ತನ್ನ ಪಾಲಿಗೆ ಎರಡು ವಿಕ್ಟೋರಿಯಾ ಕಳಿಸು ಅಂದಿದ್ದಾನಂತೆ. ಕಳಿಸಬೇಡ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಂತೆ ಪುರಾತನ ವಸ್ತು, ಅದನ್ನು ದೇಶದ ಹೊರಗೆ ಒಯ್ಯುವುದು ಅಪರಾಧ. ಅವನ ಪಾಲನ್ನು ಹೆಸರು ಬರೆದು ಇಲ್ಲೇ ಎತ್ತಿಡು, ಊರಿಗೆ ಬಂದಾಗ ಕೈಯಲ್ಲಿ ಹಿಡಿದು ನೋಡಲಿ. ನೀನು ಮಾತ್ರ ಈ ಭಾನುವಾರ ಒಂದೊಂದನ್ನೂ ತೂಗಿ, ಇಸವಿ ಬರೆದು, ಕಿಟಕಿಯ ಬೆಳಕಿನಲ್ಲಿ ಎರಡೂ ಬದಿಯ ಜೊತೆ ಅಂಚಿನ ಫೋಟೊ ತೆಗೆದು ಕಳಿಸು. ತಾಮ್ರದವುಗಳನ್ನು ಮೊದಲು ಕಳಿಸು.