ಬಿಸಿಲಿಗೆ ಬಾಡಿದ ಚರ್ಮಕ್ಕೆ ಮನೆಯ ಮುಲಾಮು



ನಿಮ್ಮ ತೋಳನ್ನು ಮೇಲೆತ್ತಿ ಅದರ ಒಳಬದಿಯನ್ನೊಮ್ಮೆ ನೋಡಿರಿ. ಅಲ್ಲಿಯ ಚರ್ಮ ನಯವಾಗಿದೆ, ಮೆತ್ತಗಿದೆ. ಅದೇ ಕೈಯ ಹಿಂಗೈಯನ್ನು ನೋಡಿರಿ. ಬೇಸಗೆಯ ಕೆರೆಯಂಗಳದಂತೆ ಗೆರೆ ಬಿದ್ದಿದೆ. ಎರಡಕ್ಕೂ ವಯಸ್ಸು ಒಂದೇ. ಹಾಗಾದರೆ ಈ ಸುಕ್ಕು ವಯಸ್ಸೊಂದರಿಂದಲೇ ಬಂದದ್ದಲ್ಲ, ಹೆಚ್ಚಿನ ಪಾಲು ಬಿಸಿಲಿನಿಂದ ಬಂದದ್ದು ಎಂದಾಯಿತಲ್ಲವೇ?

ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳಿವೆ. ಚರ್ಮದ ಒಳಪದರದಲ್ಲಿ ಹೆಣೆದುಕೊಂಡಿರುವ ಕೊಲಾಜೆನ್ ಎಂಬ ನಾರನ್ನು ಇವು ವರ್ಷಗಟ್ಟಲೆ ಸವೆಸುತ್ತವೆ. ಹಗ್ಗ ಸವೆದ ಮಂಚ ಜೋಲುವಂತೆ ಚರ್ಮವೂ ಸಡಿಲವಾಗಿ ನೆರಿಗೆ ಬೀಳುತ್ತದೆ. ಬೀಡಿ, ಸಿಗರೇಟಿನ ಹೊಗೆಯೂ ಇದೇ ಕೆಲಸವನ್ನು ಮಾಡುತ್ತದೆ.

ಈಗ ಸಂತೆಯಲ್ಲಿಯೂ ಮೊಬೈಲಿನಲ್ಲಿಯೂ ಸುಕ್ಕು ಹೋಗಲಾಡಿಸುವ ಸುಗಂಧ ತೈಲವೆಂದು ಬೆರಳುದ್ದದ ಸೀಸೆಗಳನ್ನು ಮಾರುವವರಿದ್ದಾರೆ. ಸವೆದ ನಾರನ್ನು ಆ ತೈಲ ಮೊದಲಿನಂತೆ ಹೆಣೆಯಲಾರದು. ಅದಕ್ಕಾಗಿ ಹಣ ಕಳೆಯಬೇಡಿರಿ. ಆದರೆ ಒಳ್ಳೆಯ ಮುಲಾಮಿನಿಂದ ಬೇರೊಂದು ಉಪಕಾರವುಂಟು. ತೆಂಗಿನ ಬುಡಕ್ಕೆ ತರಗು ಹೊದಿಸಿದರೆ ನೆಲದ ತೇವ ಆರದೆ ಉಳಿಯುವುದನ್ನು ನೀವು ಬಲ್ಲಿರಿ. ಎಣ್ಣೆ ಮತ್ತು ಮೇಣ ಚರ್ಮಕ್ಕೆ ಅಂಥ ಹೊದಿಕೆ. ತೇವ ಉಳಿದರೆ ಚರ್ಮ ಮೃದುವಾಗುತ್ತದೆ, ಸಣ್ಣ ಗೆರೆಗಳು ಅಷ್ಟಾಗಿ ಕಾಣುವುದಿಲ್ಲ, ಹಿಮ್ಮಡಿ ಬಿರಿಯುವುದಿಲ್ಲ. ಇಂಥ ಮುಲಾಮನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು.

ಬೇಕಾದದ್ದು 100 ಗ್ರಾಂ ಕೊಬ್ಬರಿ ಎಣ್ಣೆ ಅಥವಾ ಎಳ್ಳೆಣ್ಣೆ, 20 ಗ್ರಾಂ ಜೇನುಮೇಣ. ರಾಯಚೂರು, ಕಲಬುರಗಿಯ ಕಡೆಯ ಬೇಸಗೆಯಲ್ಲಿ ಇದು ತೀರ ಮೆತ್ತಗಾಗುವುದರಿಂದ ಅಲ್ಲಿಯವರು ಮೇಣವನ್ನು 25 ಗ್ರಾಮಿಗೆ ಏರಿಸಿಕೊಳ್ಳಬೇಕು. ಜೇನು ಸಾಕುವವರ ಮನೆಯಲ್ಲಿ ಮೇಣಕ್ಕೆ ಕೊರತೆಯಿಲ್ಲ. ತುಪ್ಪ ಹಿಂಡಿ ತೆಗೆದ ಹಳೆಯ ಎರಿಯನ್ನು ತೆಳುಬಟ್ಟೆಯಲ್ಲಿ ಗಂಟು ಕಟ್ಟಿ, ನೀರಿನಲ್ಲಿ ಹಾಕಿ ಕಾಯಿಸಿರಿ. ಮೇಣ ಕರಗಿ ಬಟ್ಟೆಯಿಂದ ಹೊರಬಂದು ಮೇಲೆ ತೇಲುತ್ತದೆ, ಕಸ ಗಂಟಿನಲ್ಲಿಯೇ ಉಳಿಯುತ್ತದೆ. ಪಾತ್ರೆ ಆರಿದ ಮೇಲೆ ಮೇಣ ಬಿಲ್ಲೆಯಾಗಿ ಕೈಗೆ ಬರುತ್ತದೆ. ಅದನ್ನು ಒರೆಸಿ ಚೆನ್ನಾಗಿ ಒಣಗಿಸಿಕೊಳ್ಳತಕ್ಕದ್ದು.

ಒಂದು ಪಾತ್ರೆಯಲ್ಲಿ ನೀರು ಕುದಿಸಿ, ಅದರೊಳಗೆ ಚಿಕ್ಕ ಪಾತ್ರೆಯನ್ನಿಟ್ಟು, ಎಣ್ಣೆ ಮೇಣಗಳನ್ನು ಹಾಕಿರಿ. ನೇರವಾಗಿ ಒಲೆಯ ಮೇಲೆ ಇಡಕೂಡದು; ಮೇಣಕ್ಕೆ ಬೆಂಕಿ ಹತ್ತುವ ಭಯವಿದೆ. ಮೇಣವು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವುದರಿಂದ ಬಿಸಿನೀರಿನ ಕಾವೇ ಸಾಕು. ಕರಗಿದ ಮೇಲೆ ಇಳಿಸಿ, ಒಣಗಿದ ಡಬ್ಬಿಗೆ ಸುರಿಯಿರಿ. ಇದರಲ್ಲಿ ಒಂದು ಹನಿ ನೀರೂ ಸೇರಬಾರದು, ಒದ್ದೆ ಬೆರಳನ್ನೂ ಅದ್ದಬಾರದು. ನೀರು ಸೇರಿದರೆ ಬೂಷ್ಟು ಹಿಡಿಯುತ್ತದೆ. ಕಮಟು ವಾಸನೆ ಬಂದ ಮುಲಾಮನ್ನು ಚೆಲ್ಲಿಬಿಡಿರಿ.

ಇನ್ನು ಸುಗಂಧದ ಮಾತು. ಇದಿಲ್ಲದೆಯೂ ಮುಲಾಮು ತನ್ನ ಕೆಲಸ ಮಾಡುತ್ತದೆ; ಬೇಕೆನ್ನುವವರಿಗೆ ಮಾತ್ರ ಇದನ್ನು ಹೇಳುತ್ತೇನೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಲಾವಂಚ. ಚೆನ್ನಾಗಿ ತೊಳೆದು ಒಣಗಿಸಿದ ಒಂದು ಹಿಡಿ ಬೇರನ್ನು ಕತ್ತರಿಸಿ ಅದೇ 100 ಗ್ರಾಂ ಎಣ್ಣೆಯಲ್ಲಿ ಒಂದು ವಾರ ನೆನೆಹಾಕಿ ಸೋಸಿದರೆ, ಮೊದಲ ಮಳೆ ಬಿದ್ದ ಮಣ್ಣಿನಂಥ ಪರಿಮಳ ಎಣ್ಣೆಗೆ ಬರುತ್ತದೆ. ಇದಕ್ಕೆ ಖರ್ಚೇ ಇಲ್ಲವೆನ್ನಬೇಕು. ಭಟ್ಟಿ ಇಳಿಸಿದ ತೈಲವನ್ನೇ ಕೊಂಡು ಹಾಕುವುದಾದರೆ, ಇಷ್ಟು ಮುಲಾಮಿಗೆ 10 ಅಥವಾ 12 ಹನಿ ಸಾಕು. ಕರಗಿದ ಮೇಣ ಸ್ವಲ್ಪ ಆರಿ, ಇನ್ನೂ ಗಟ್ಟಿಯಾಗದೆ ಇರುವಾಗ ಹಾಕಿ ಕಲಕಬೇಕು. ಬಿಸಿ ಹೆಚ್ಚಿದ್ದರೆ ಪರಿಮಳ ಹಾರಿಹೋಗುತ್ತದೆ.

ಶ್ರೀಗಂಧದ ತೈಲ ಬಲು ಬೆಲೆಯದು. ಹಿಂದೆ ನಮ್ಮ ಗಂಧದ ಮರವನ್ನು ಜರ್ಮನಿಗೆ ಕಳುಹಿಸಿ ಅಲ್ಲಿ ಎಣ್ಣೆ ತೆಗೆಯುತ್ತಿದ್ದರು. ಮೊದಲನೆಯ ಮಹಾಯುದ್ಧದಿಂದ ಆ ವ್ಯಾಪಾರ ನಿಂತಾಗ, 1916ರಲ್ಲಿ ಮೈಸೂರು ಸಂಸ್ಥಾನವೇ ಗಂಧದೆಣ್ಣೆ ತೆಗೆಯುವ ಕೆಲಸ ಹೂಡಿತು. ಮರದ ಚೇಗಿನಿಂದ ಮಾತ್ರ ದೊರೆಯುವ ಈ ತೈಲ ಸಂತೆಯಲ್ಲಿ ಅಗ್ಗವಾಗಿ ಸಿಕ್ಕಿತೆಂದರೆ ಅದು ಶುದ್ಧವಾದುದಲ್ಲವೆಂದು ತಿಳಿಯಿರಿ.

ಹನಿಯ ಲೆಕ್ಕವನ್ನು ಮೀರಬೇಡಿರಿ. ಒಂದು ಹನಿ ಒಳ್ಳೆಯದಾದರೆ ಹತ್ತು ಹನಿ ಇನ್ನೂ ಒಳ್ಳೆಯದು ಎಂಬುದು ತಪ್ಪು. ಗೊಬ್ಬರ ಹೆಚ್ಚಾದರೆ ಪೈರು ಸುಡುವುದಿಲ್ಲವೇ? ಬೆರೆಸದ ತೈಲವನ್ನು ಹಾಗೆಯೇ ಮುಖಕ್ಕೆ ಹಚ್ಚಿದರೆ ಚರ್ಮವೂ ಹಾಗೆ ಉರಿದು ಕೆಂಪಾಗುತ್ತದೆ. ಲವಂಗ, ದಾಲ್ಚಿನ್ನಿ, ಮಜ್ಜಿಗೆ ಹುಲ್ಲಿನ ತೈಲಗಳು ಬಲು ತೀಕ್ಷ್ಣ. ಅವು ಮುಖಕ್ಕೆ ಬೇಡವೇ ಬೇಡ. ನಿಂಬೆಯ ವಿಷಯದಲ್ಲಂತೂ ಹೆಚ್ಚು ಎಚ್ಚರವಿರಲಿ. ಮುಖ ಬೆಳ್ಳಗಾಗಲೆಂದು ನಿಂಬೆರಸವನ್ನೋ ಅದರ ಸಿಪ್ಪೆಯ ಎಣ್ಣೆಯನ್ನೋ ಹಚ್ಚಿಕೊಂಡು ಕಳೆ ಕೀಳಲು ಹೋದರೆ, ಬಿಸಿಲು ತಾಗಿದಲ್ಲಿ ಬೊಬ್ಬೆ ಏಳಬಹುದು. ಬಳಿಕ ಉಳಿಯುವ ಕಪ್ಪು ಕಲೆ ತಿಂಗಳುಗಟ್ಟಲೆ ಹೋಗುವುದಿಲ್ಲ.

ಹೊಸ ಮುಲಾಮನ್ನು ಮೊದಲು ಮೊಣಕೈಯ ಒಳಮಡಿಕೆಗೆ ಹಚ್ಚಿ ಒಂದು ದಿನ ನೋಡಿರಿ. ತುರಿಕೆ, ಗುಳ್ಳೆ ಕಾಣದಿದ್ದರೆ ಮುಂದುವರಿಯಬಹುದು. ಸುಗಂಧ ಹಾಕಿದ್ದನ್ನು ಎಳೆಮಕ್ಕಳಿಗೆ ಹಚ್ಚಬೇಡಿರಿ. ಸೀಸೆಗಳನ್ನು ಮಕ್ಕಳ ಕೈಗೆಟುಕದ ಕಡೆ ಇಡಬೇಕು; ನೀಲಗಿರಿ ಎಣ್ಣೆಯಾಗಲಿ ಕರ್ಪೂರದ ಎಣ್ಣೆಯಾಗಲಿ ಒಂದು ಚಮಚ ಹೊಟ್ಟೆಗೆ ಹೋದರೂ ಮಗುವಿನ ಪ್ರಾಣಕ್ಕೆ ಅಪಾಯ.

ಹಚ್ಚುವ ಹೊತ್ತು ಯಾವುದು? ಸಂಜೆ ಹೊಲದಿಂದ ಬಂದು ಸ್ನಾನ ಮಾಡಿ, ಮೈ ಇನ್ನೂ ಸ್ವಲ್ಪ ಹಸಿಯಾಗಿರುವಾಗ. ಹಿಮ್ಮಡಿಗಾದರೆ ಹತ್ತು ನಿಮಿಷ ಉಗುರುಬೆಚ್ಚನೆಯ ನೀರಿನಲ್ಲಿ ಕಾಲಿಟ್ಟು, ಒರೆಸಿ, ಹಚ್ಚಿ ಮಲಗಿರಿ.

ಹಗಲಿನ ಕಾವಲು ಮುಲಾಮಿನಿಂದ ಆಗುವುದಿಲ್ಲ. ಕೊಬ್ಬರಿ ಎಣ್ಣೆ ಬಿಸಿಲನ್ನು ತಡೆಯುತ್ತದೆಂಬ ಮಾತನ್ನು ನಂಬಬೇಡಿರಿ. ಬಿಸಿಲನ್ನು ತಡೆದರೆ ಸುಕ್ಕು ನಿಧಾನವಾಗುವುದೆಂಬುದಕ್ಕೆ ಒಳ್ಳೆಯ ಸಾಕ್ಷಿ ಬಿರುಬಿಸಿಲಿನ ನಾಡಾದ ಆಸ್ಟ್ರೇಲಿಯಾದಿಂದ ಬಂದಿದೆ. ಅಲ್ಲಿ 900ಕ್ಕೂ ಹೆಚ್ಚು ಜನರನ್ನು ನಾಲ್ಕೂವರೆ ವರ್ಷ ಪರೀಕ್ಷಿಸಿ 2013ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಬಿಸಿಲು ತಡೆಯುವ ಕ್ರೀಮನ್ನು ದಿನವೂ ಹಚ್ಚಿದವರ ಚರ್ಮ, ಮನಬಂದಾಗ ಹಚ್ಚಿದವರದಕ್ಕಿಂತ 24 ಶೇಕಡ ಕಡಿಮೆ ಮುಪ್ಪಾಗಿತ್ತು. ಆ ಕ್ರೀಮು ನಮ್ಮೆಲ್ಲರ ಕೈಗೆ ನಿಲುಕದೆ ಹೋಗಬಹುದು, ನೆರಳಿಗೆ ಮಾತ್ರ ದುಡ್ಡಿಲ್ಲ. ಕರಾವಳಿಯ ಅಡಿಕೆ ಹಾಳೆಯ ಟೊಪ್ಪಿ ತಲೆಯನ್ನು ಕಾಯುತ್ತದೆ, ಆದರೆ ಅದಕ್ಕೆ ಅಗಲವಾದ ಅಂಚಿಲ್ಲ. ಕೆನ್ನೆಗೂ ಕಿವಿಗೂ ಬಿಸಿಲು ಬಡಿಯುತ್ತದೆ. ಅದರ ಕೆಳಗೆ ಒಂದು ಟವೆಲನ್ನು ಇಳಿಬಿಡಿರಿ. ತಾಯಂದಿರು ಸೆರಗನ್ನು ಹಣೆಯ ಮುಂದಕ್ಕೆ ಎಳೆದುಕೊಳ್ಳಲಿ, ಸೀರೆಯ ಮೇಲೆ ತುಂಬುತೋಳಿನ ಅಂಗಿ ತೊಡಲಿ. ನಡುಹಗಲಿನ ಕೆಲಸವನ್ನು ಸಾಧ್ಯವಾದಷ್ಟು ಬೆಳಿಗ್ಗೆಗೂ ಸಂಜೆಗೂ ಹಂಚಿಕೊಳ್ಳಿರಿ.

ಸಕ್ಕರೆ ಕಾಯಿಲೆ ಇರುವವರ ಹಿಮ್ಮಡಿ ಒಡೆದು ರಕ್ತವೋ ಕೀವೋ ಕಂಡರೆ ಈ ಮುಲಾಮನ್ನು ನಂಬಿ ಕೂರಬಾರದು, ಅಂದೇ ಆಸ್ಪತ್ರೆಗೆ ಹೋಗಬೇಕು. ಹಾಗೆಯೇ ಮುಖದ ಮೇಲೋ ಕಿವಿಯ ಅಂಚಿನಲ್ಲೋ ಎದ್ದ ಹುಣ್ಣು ಒಂದು ತಿಂಗಳಾದರೂ ಮಾಯದಿದ್ದರೆ, ಮಚ್ಚೆಯೊಂದು ಬೆಳೆಯುತ್ತಿದ್ದರೆ, ಬಣ್ಣ ಬದಲಾಯಿಸುತ್ತಿದ್ದರೆ, ಅದರ ಮೇಲೆ ಏನನ್ನೂ ಹಚ್ಚದೆ ವೈದ್ಯರಿಗೆ ತೋರಿಸಿರಿ.